ಎಡಗಡೆಯ ತೂತು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7.10

ಕಟ್ಟುಹಲ್ಲಿನ ಸೆಟ್ಟು: ಮೇಲಿನ ದವಡೆ ಎರಡು, ಕೆಳಗಿನದು ಒಂದು. ಹನ್ನೊಂದರೊಳಗೆ ಡಾಕ್ಟರ ಕ್ಲಿನಿಕ್ಕಿಗೆ ತಲುಪಬೇಕು. ಆಕ್ರಿಲಿಕ್ ಇನ್ನೂ ಬೇಯುತ್ತಿದೆ. ಅಷ್ಟರಲ್ಲಿ ನಾಲ್ಕು ಸಾಲು.

ನಿನ್ನೆ ಅಣ್ಣ ತನ್ನ ಏರ್ ರೈಫಲ್ ತಂದು ನನ್ನ ಲ್ಯಾಬಿನ ಬೆಂಚಿನ ಮೇಲೆ ಇಟ್ಟ. ತಂದ ಅಂದರೆ — ಹೊತ್ತವರು ಅತ್ತಿಗೆ, ಮುಂದೆ ಮುಂದೆ ನಡೆದವನು ಅವನು. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆದಾಗಿನಿಂದ ಅವನ ಎಡಗೈ ಹೇಳಿದ ಮಾತು ಕೇಳುವುದಿಲ್ಲ.

“ಹದಿನಾರಕ್ಕೆ ಗಾಳಿ ಮಾಮ ಬಂದು ತಗೊಂಡು ಹೋಗ್ತಾರೆ. ಶೂಟಿಂಗ್ ಕ್ಲಬ್ಬಲ್ಲಿ ಯಾರಿಗಾದ್ರೂ ಕೊಡ್ಲಿ. ಅಲ್ಲೀವರ್ಗೂ ಇಲ್ಲಿರ್ಲಿ. ಮನೇಲಿದ್ರೆ ಕಣ್ಣಿಗೆ ಬೀಳ್ತಾನೇ ಇರುತ್ತೆ.”

“ಕೂತು ಹೊಡೀಬಹುದಲ್ಲಣ್ಣ. ಮುಂದೆ ಸ್ಟ್ಯಾಂಡ್ ಇಟ್ಕೊಡ್ತಾರಂತೆ.”

“ಹೊಡೆಯೋದು ಹೊಡೀತೀನಿ. ಬಿಚ್ಚಿ ತಿರುಗಿಸೋರು ಯಾರು? ಪ್ರತಿ ಸಲ ‘ಸ್ವಾಮಿ, ಸ್ವಲ್ಪ ಬನ್ನಿ’ ಅಂತ ಯಾರನ್ನೋ ಕರೀಬೇಕಾ? ಬೇಡ, ಬಿಡು.”

ಅವನಿಗೆ ಹೊಡೆಯುವುದಕ್ಕಿಂತ ತಿರುಗಿಸುವುದೇ ಹೆಚ್ಚು ಇಷ್ಟ. ಒಳಗೊಂದು ಪುಟ್ಟ ಸ್ಕ್ರೂ ಇದೆ, ಸ್ಪ್ರಿಂಗಿನ ಬಿಗಿ ಹೊಂದಿಸಲು. ಬಿಸಿಲು ಏರಿದರೆ ಕಾಲು ಸುತ್ತು ಹಿಂದೆ, ಪೆಲೆಟ್ ಗುಂಡಿನ ಡಬ್ಬಿ ಬದಲಾದರೆ ಕಾಲು ಸುತ್ತು ಮುಂದೆ. ಆದರೆ ಸ್ಕ್ರೂ ಇರುವುದು ಮರದ ಹಿಡಿಯ ಮರೆಯಲ್ಲಿ. ಪ್ರತಿ ಸಲ ಎರಡು ಬೋಲ್ಟ್ ಬಿಚ್ಚಿ ಮರದಿಂದ ಕಬ್ಬಿಣ ಎತ್ತಬೇಕು. ಎರಡು ಕೈ ಬೇಕು.

ಮರದಲ್ಲೇ ಒಂದು ತೂತಿದ್ದರೆ?

ಬೆಂದಿದೆ. ಎದ್ದೆ.

ಮಾರ್ಚ್ 5, ಬುಧವಾರ

ಗಾಳಿ ಮಾಮನಿಗೆ ಫೋನ್ ಮಾಡಿದೆ. ಕ್ಲಬ್ಬಿನ ರೈಫಲ್‌ಗಳನ್ನೆಲ್ಲ ರಿಪೇರಿ ಮಾಡುವವರು, ಸಿಲಿಂಡರಿಗೆ ಗಾಳಿ ತುಂಬುವವರೂ ಅವರೇ — ಹಾಗಾಗಿ ಆ ಹೆಸರು. ವಯಸ್ಸು ಎಪ್ಪತ್ತು, ಮಾತು ಏಳು.

“ಮಾಡ್ಬಹುದು. ಮೊದ್ಲು ಗಾಳಿ ಪೂರ್ತಿ ಖಾಲಿ ಮಾಡಿ. ಹಿಡಿ ಬಿಚ್ಚಿ ಬೇರೆ ಇಟ್ಕೊಂಡು ಕೊರೀರಿ. ಬಲಗಡೆ, ಟ್ರಿಗರ್‌ನಿಂದ ಹಿಂದಕ್ಕೆ ಎಪ್ಪತ್ತೊಂದು ಮಿಲಿಮೀಟರು. ಅಲೆನ್ ಕೀ ನೇರ ಸ್ಕ್ರೂಗೇ ಹೋಗುತ್ತೆ.” ಆಮೇಲೆ, “ಅಣ್ಣಂಗೆ ಹೇಳಿದೀರಾ?”

“ಇಲ್ಲ.”

“ಹಾಗಾದ್ರೆ ನಾನೂ ಕೇಳಿಲ್ಲ.”

ಪುಣ್ಯಾತ್ಮ. ಹಿಡಿಯನ್ನು ಬಿಚ್ಚುವುದು ಹೇಗೆಂದು ಇಪ್ಪತ್ತು ನಿಮಿಷ ಫೋನಿನಲ್ಲೇ ಹೇಳಿಕೊಟ್ಟರು.

ಮಾರ್ಚ್ 7, ಶುಕ್ರವಾರ. ಸಂಜೆ

ತೂತೊಂದೇ ಸಾಲದು. ಸ್ಕ್ರೂ ತಿರುಗಿಸುವ ಅಲೆನ್ ಕೀ ಕಡ್ಡಿಯ ಹಾಗೆ ಸಣ್ಣಗಿದೆ, ಜಾರುತ್ತದೆ. ಅದಕ್ಕೆ ಅವನ ಬಲಗೈಯ ಹಿಡಿತಕ್ಕೆ ಸರಿಯಾದ ಹಿಡಿ ಬೇಕು. ದವಡೆಯ ಅಚ್ಚು ತೆಗೆಯುವ ನನಗೆ ಮುಷ್ಟಿಯ ಅಚ್ಚು ಯಾವ ಲೆಕ್ಕ! ಮೇಣದ ಉಂಡೆ ಬಿಸಿ ಮಾಡಿ, ಡಬ್ಬಿಯಲ್ಲಿಟ್ಟುಕೊಂಡು ಅವನ ಮನೆಗೆ ಓಡಿದೆ.

“ಇದನ್ನ ಗಟ್ಟಿಯಾಗಿ ಹಿಡ್ಕೋ. ಬೀಗದ ಕೈ ತಿರುಗಿಸೋ ಥರ.”

“ಏನೇ ಇದು? ನನ್ ಹಲ್ಲೆಲ್ಲಾ ಇನ್ನೂ ಬಾಯಲ್ಲೇ ಇವೆ.”

“ಫಿಸಿಯೋಥೆರಪಿ.”

“ಬಲಗೈಗಾ?”

ಸಿಕ್ಕಿಬಿದ್ದೆ ಅಂದುಕೊಂಡೆ. ನಕ್ಕುಬಿಟ್ಟ. ನಗುವಾಗ ಮುಂದಿನ ಆ ಹಲ್ಲು ಕಂಡಿತು — ಕೊಂಚ ಹಳದಿ, ಕೊಂಚ ವಾಲಿದ್ದು. ನಾನು ಕೆಲಸ ಕಲಿಯುವಾಗ ಮಾಡಿದ ಮೊಟ್ಟಮೊದಲ ಹಲ್ಲು. ನನಗಾಗ ಹತ್ತೊಂಬತ್ತು. ಬೇರೆ ಮಾಡಿಕೊಡುತ್ತೇನೆಂದು ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ. “ಅಗಿಯೋಕೆ ಬರುತ್ತಲ್ಲ, ಸಾಕು” ಅನ್ನುತ್ತಾನೆ.

ಅಪ್ಪ ತೀರಿಕೊಂಡ ವರ್ಷ ನನ್ನನ್ನು ಕೆಲಸ ಕಲಿಯಲು ಲ್ಯಾಬಿಗೆ ಸೇರಿಸಿದವನು ಅವನು. ಹುಡುಗಿಗೇಕೆ ಹಲ್ಲು ಕಟ್ಟುವ ಕೆಲಸ ಅಂದವರ ಬಾಯಿ ಮುಚ್ಚಿಸಿದವನೂ ಅವನೇ. ಆರು ತಿಂಗಳು, ದಿನಾ ಸಂಜೆ, ತನ್ನ ಬಸ್ ಡ್ಯೂಟಿ ಮುಗಿಸಿ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ, ನನ್ನನ್ನು ಮನೆಗೆ ಕರೆದೊಯ್ಯಲು. ಈ ಋಣ ತೀರುವಂಥದ್ದಲ್ಲ. ತೀರಿಸುವ ಆಸೆಯೂ ಇಲ್ಲ. ಇರಲಿ, ನನ್ನ ಮೇಲೆ ಹೀಗೇ ಇರಲಿ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 1.30

ಕೊರೆದೆ.

ತಪ್ಪು ಕಡೆ.

ಮಾರ್ಚ್ 8, ಸಂಜೆ

ಹೇಗಾಯಿತೆಂದು ಬರೆದಿಡುತ್ತೇನೆ.

ಮೂರು ಸಲ ಅಳೆದೆ. ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತೊಂದು. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ತಪ್ಪಿದ್ದು ಮಗ್ಗುಲು. ಮೂವತ್ತು ವರ್ಷದಿಂದ ದವಡೆಗಳು ನನಗೆ ಎದುರು ಮುಖವಾಗಿಯೇ ಕೂತಿವೆ. ಅವುಗಳ ಬಲ ನನ್ನ ಎಡ. ಇಂದು ರೈಫಲ್ ಹಿಡಿ ನನಗೆ ಬೆನ್ನು ಹಾಕಿ ಮಲಗಿತ್ತು, ಕೈ ಮಾತ್ರ ಹಳೆಯ ಲೆಕ್ಕದಲ್ಲೇ ಹೋಯಿತು. ‘ಬಲಗಡೆ’ ಎಂದು ಬಾಯಲ್ಲಿ ಹೇಳಿಕೊಂಡೇ ಎಡಗಡೆ ಗುರುತು ಹಾಕಿದ್ದೇನೆ! ಕಬ್ಬಿಣ ಬೇರೆ ಇತ್ತಲ್ಲ, ಸ್ಕ್ರೂ ಎಲ್ಲಿದೆ ಎಂದು ಹೇಳುವವರೂ ಇರಲಿಲ್ಲ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಹದಿನಾಲ್ಕು ವರ್ಷ ಅವನು ಎಣ್ಣೆ ಹಚ್ಚಿ ಒರೆಸಿದ ಮರ. ಕೆನ್ನೆ ಒರಗಿಸುವ ಜಾಗದ ಕೆಳಗೇ ತೂತು. ಇನ್ನು ಇದನ್ನು ಅವನಿಗೂ ತೋರಿಸುವಂತಿಲ್ಲ, ಇನ್ನೊಬ್ಬರಿಗೂ ಕೊಡುವಂತಿಲ್ಲ.

ಮೇಲೆ ಟವೆಲ್ ಮುಚ್ಚಿದ್ದೇನೆ. ಟವೆಲ್ ಮುಚ್ಚಿದರೆ ತೂತು ಮುಚ್ಚುತ್ತದೆಯೇ…

ಮಾರ್ಚ್ 13, ಗುರುವಾರ

ಐದು ದಿನ ಡೈರಿಯನ್ನೂ ಮುಟ್ಟಲಿಲ್ಲ, ಟವೆಲನ್ನೂ ಎತ್ತಲಿಲ್ಲ. ಅಣ್ಣ ಎರಡು ಸಲ ಫೋನ್ ಮಾಡಿದ. ಕೆಲಸ ಇದೆ ಅಂದೆ.

ಇಂದು ಅತ್ತಿಗೆ ಬಂದರು. ನನ್ನ ಮುಖ ನೋಡಿ, ನೇರ ಹೋಗಿ ಟವೆಲ್ ಎತ್ತಿದರು. ಎಲ್ಲ ಹೇಳಿದೆ, ಅತ್ತೂ ಬಿಟ್ಟೆ. ಐವತ್ತರ ಹತ್ತಿರ ಬಂದವಳು!

ಅವರು ಬೈಯಲಿಲ್ಲ. “ನಿಮ್ಮಣ್ಣ ದಿನಾ ಬೆಳಗ್ಗೆ ಖಾಲಿ ಕೈಯಲ್ಲಿ ಏನ್ ಮಾಡ್ತಾರೆ ಗೊತ್ತಾ? ಪೆಲೆಟ್ ಡಬ್ಬಿ ಮುಂದಿಟ್ಕೊಂಡು ಕೂರ್ತಾರೆ. ಒಂದೊಂದೇ ಆರಿಸಿ ಜೋಡಿಸ್ತಾರೆ. ರೈಫಲ್ ಕೊಟ್ಟಾಯ್ತು, ಪೆಲೆಟ್ ಯಾಕೆ ಅಂದ್ರೆ ಇನ್ನೊಂದು ಆರಿಸ್ತಾರೆ. ನೀನು ಬಲಗಡೆನೂ ಕೊರಿ. ಬೈದ್ರೆ ಇಬ್ರೂ ಬೈಸ್ಕೊಳ್ಳೋಣ.”

ಹೋಗುವಾಗ ಬಾಗಿಲಲ್ಲಿ ನಿಂತು, “ಈ ಸಲ ನಾನು ನಿಂತ್ಕೊಂಡು ನೋಡ್ತೀನಿ. ಯಾವತ್ತು ಬರ್ಲಿ?”

ಈ ಮನೆಗೆ ಈ ಹೆಣ್ಣುಮಗಳು ಸೊಸೆಯಾಗಿ ಬಂದದ್ದು ನಮ್ಮ ಅದೃಷ್ಟ.

ಮಾರ್ಚ್ 15, ಶನಿವಾರ. ಬೆಳಗ್ಗೆ 11

ಆಯಿತು! ಅತ್ತಿಗೆ ಬಲಗಡೆ ತಮ್ಮ ಬಿಂದಿ ಅಂಟಿಸಿ, “ಇಲ್ಲೇ, ಇಲ್ಲಿ ಮಾತ್ರ” ಅಂದರು. ನಾನು ಅಳೆದೆ. ಅವರು ಅಳೆದರು. ಹಲ್ಲು ಕೊರೆಯುವ ಮೈಕ್ರೋಮೋಟರಿಗೆ ಸಣ್ಣ ಬರ್‌ಮೊನೆ ಹಾಕಿ ಆರಂಭಿಸಿದೆ, ಆಮೇಲೆ ದಪ್ಪದ್ದು, ನಿಧಾನ… ಮರದ ಪುಡಿಯಲ್ಲಿ ಬಿಂದಿಯೂ ಹೋಯಿತು. ಜೋಡಿಸಿ ಅಲೆನ್ ಕೀ ಇಳಿಸಿದೆ. ಟಿಕ್ ಎಂದು ಸ್ಕ್ರೂನಲ್ಲಿ ಕೂತಿತು. ಒಂದೇ ಕೈ. ಬೋಲ್ಟ್ ಬಿಚ್ಚುವ ಮಾತೇ ಇಲ್ಲ.

ಎಡಗಡೆಯ ತೂತಿಗೆ ಬಿರಡೆ ಹಾಕಬೇಕಿತ್ತು. ಲ್ಯಾಬಿನಲ್ಲಿ ಇದ್ದದ್ದು ಒಸಡಿನ ಆಕ್ರಿಲಿಕ್ ಒಂದೇ, ಗುಲಾಬಿ ಬಣ್ಣದ್ದು. ಕಂದು ಮರದಲ್ಲಿ ಗುಲಾಬಿ ಚುಕ್ಕಿ. ಮೇಣದ ಅಚ್ಚಿನಿಂದ ಮಾಡಿದ ಕೀಯ ಹಿಡಿಯೂ ಅದೇ ಬಣ್ಣ. ಅತ್ತಿಗೆ ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು. “ಕಚ್ಚುತ್ತೇನೋ ಇದು!”

ಸಂಜೆ ಅಣ್ಣನನ್ನು ಕರೆಯುತ್ತೇನೆ.

ಮಾರ್ಚ್ 16, ಭಾನುವಾರ. ಬೆಳಗ್ಗೆ 6

ನಿನ್ನೆ ಬಂದ. ಬೆಂಚಿನ ಮುಂದೆ ಕೂತ. ಮೊದಲು ಕಣ್ಣಿಗೆ ಬಿದ್ದದ್ದು ಗುಲಾಬಿ ಚುಕ್ಕಿಯೇ. ಬೆರಳಲ್ಲಿ ಸವರಿದ.

“ಅಣ್ಣ, ನಿನ್ನ ಕೇಳದೇ ಮಾಡಿದ್ದು ತಪ್ಪು. ಮೊದಲನೇ ತೂತೇ ತಪ್ಪು ಕಡೆ ಬಿತ್ತು. ಇದು ಮುಚ್ಚಿರೋ ತೂತು. ಮರದ ಬಣ್ಣದ್ದು ತರಿಸಿ ಹಾಕ್ತೀನಿ, ಗೊತ್ತಾಗಲ್ಲ…”

ಕೀ ಎತ್ತಿಕೊಂಡ. ಹಿಡಿ ಅವನ ಮುಷ್ಟಿಯಲ್ಲಿ ಮುಳುಗಿಹೋಯಿತು. ಬಲಗಡೆಯ ತೂತಿಗೆ ಇಳಿಸಿ ಕಾಲು ಸುತ್ತು ತಿರುಗಿಸಿದ. ಹಿಂದಕ್ಕೆ ತಿರುಗಿಸಿದ. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಎಷ್ಟು ಸಲವೋ. ಅತ್ತಿಗೆ ಕಿಟಕಿಯ ಕಡೆ ತಿರುಗಿಬಿಟ್ಟರು.

ಆಮೇಲೆ ನನ್ನ ಕಡೆ ನೋಡಿ, ತುಟಿ ಎತ್ತಿ ಆ ವಾಲಿದ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ.

“ಇದನ್ನ ತೆಗೆಸಿದ್ನೇನೇ?”

“ಇಲ್ಲ.”

“ಮತ್ತೆ? ಅದೂ ಇರ್ಲಿ.”

ಗುಲಾಬಿ ಚುಕ್ಕಿ ಹಾಗೇ ಉಳಿಯಿತು.

ಅದೇ ದಿನ, ಮಧ್ಯಾಹ್ನ

ಗಾಳಿ ಮಾಮ ಬಂದರು. ರೈಫಲ್ ಒಯ್ಯಲು ಅಲ್ಲ, ಗಾಳಿ ತುಂಬಲು. ತೂತು ನೋಡಿ “ಹ್ಞೂಂ” ಅಂದರು. ಗುಲಾಬಿ ಚುಕ್ಕಿ ನೋಡಿ ಎರಡು ಸಲ “ಹ್ಞೂಂ” ಅಂದರು.

ಮಾರ್ಚ್ 23, ಭಾನುವಾರ. ಕ್ಲಬ್, ಬೆಳಗ್ಗೆ 9.20

ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆಯೇ ಅಣ್ಣನ ಕಟ್ಟಪ್ಪಣೆ ಆಗಿದೆ — “ನೀನು ಬಾ. ಆದ್ರೆ ಹತ್ರ ಬರ್ಬೇಡ. ಯಾರೂ ಬರ್ಬೇಡಿ.”

ಅಣ್ಣ ಕೂತಿದ್ದಾನೆ, ಮುಂದೆ ಸ್ಟ್ಯಾಂಡ್. ಐದು ಹೊಡೆದ. ಎಲ್ಲ ಗುರಿಯಿಂದ ಕೆಳಗೆ ಬಿದ್ದಿವೆ. ಪಕ್ಕದವರು “ಬರ್ಲಾ ಸಾರ್?” ಅಂದರು. ತಲೆ ಅಲ್ಲಾಡಿಸಿದ. ಪೆಲೆಟ್ ತೆಗೆದಿಟ್ಟು, ಜೇಬಿನಿಂದ ಕೀ ತೆಗೆದ. ಕಾಲು ಸುತ್ತು. ಮತ್ತೆ ಐದು. ಸ್ವಲ್ಪ ಮೇಲೆ ಬಂದವು. ಎಂಟು ತಿಂಗಳ ನಂತರ ಅವನ ಹೆಗಲು ಇಳಿದು ಹಗುರಾಗಿದ್ದು ಇಂದೇ ಕಂಡೆ. ದೇವರೇ, ಇಷ್ಟೇ ಸಾಕು.

ಮತ್ತೆ ಕೀ. ಈ ಸಲ ಅರೆಕಾಲು ಸುತ್ತು.

ಕೈಜಾರಿ ಬಿತ್ತು. ಕುರ್ಚಿಯ ಎಡಗಡೆ. ಗುಲಾಬಿ, ದೂರಕ್ಕೂ ಕಾಣುತ್ತದೆ. ಗಾಳಿ ಮಾಮ ಒಂದು ಹೆಜ್ಜೆ ಇಟ್ಟು ನಿಂತರು. ನಾನೂ ಏಳಬಾರದು. ರೈಫಲ್ ಸ್ಟ್ಯಾಂಡಿನ ಮೇಲೆ ವಾಲಿದೆ, ಬಲಗೈಯಲ್ಲಿ ಹಿಡಿದಿದ್ದಾನೆ, ಬಿಡುವಂತಿಲ್ಲ.

ಬಗ್ಗಿದ. ಎಡಗೈ ಇಳಿಸುತ್ತಿದ್ದಾನೆ. ಬೆರಳು ನೆಲ ಮುಟ್ಟಿತು. ಜಾರಿತು. ಮತ್ತೆ… ಬೆರಳು ಮಡಚಿಕೊಳ್ಳುತ್ತಿವೆ, ಒಂದು, ಎರಡು — ಎತ್ತಿದ, ಎಡಗೈಯಲ್ಲೇ!