ಸಾಲಿನ ಕೊನೆ

ಅಕ್ಕ,

ಬಾಗಿಲಲ್ಲಿ ನಿನ್ನ ಮಗಳನ್ನು ಒಪ್ಪಿಸಿ, ನಡೆದದ್ದು ಹೇಳದೆ ಓಡಿಬಂದೆ, ಅದಕ್ಕೇ ಈ ಕಾಗದ.

“ಆಟಿಸಂ ಇರೋ ಮಗು, ಪಾರ್ಕಿನ ಗದ್ದಲದಲ್ಲಿ ನಿಭಾಯಿಸ್ತೀಯೇನೋ?” ಅಂತ ಕೇಳಿದ್ದೆಯಲ್ಲ. ನಿನ್ನ ತಮ್ಮ ಸಾಮಾನ್ಯನೇ? ಆಟದ ರೈಲಿನ ಸಾಲು ಹನುಮನ ಬಾಲದಂತಿತ್ತು. ಕುಂಟನ ವೇಷ ಹಾಕಿ, ಅವಳನ್ನೂ ಎಳೆದುಕೊಂಡು ಮುಂದೆ ನುಗ್ಗಿದೆ. ನಡುವೆ ಅವಳ ಕೈ ಜಾರಿತು, ತಿರುಗಿ ನೋಡಿದರೆ ಅವಳಿಲ್ಲ. ಕುಂಟುವುದನ್ನೂ ಮರೆತು ಓಡಿದೆ.

ಸಾಲಿನಲ್ಲಿ ಕೊಡೆ ಹಿಡಿದಿದ್ದ ಒಬ್ಬ ಅಜ್ಜನ ಹಿಂದೆ, ನಮ್ಮ ಹಳೇ ಜಾಗದಲ್ಲೇ, ಕಿವಿ ಮುಚ್ಚಿಕೊಂಡು ನಿಂತಿದ್ದಳು.

“ನಮ್ಮ ಜಾಗ ಇದು, ಮಾವ,” ಅಂದಳು.

ನಿಂತೆ. ಸರದಿ ಬಂದಾಗ ರೈಲು ಹತ್ತದೆ, ನಗುತ್ತಾ ಮತ್ತೆ ಸಾಲಿನ ಕೊನೆಗೆ ಹೋದಳು. ನಾನು ಬೆಪ್ಪಾದೆ, ಅವಳಿಗೆ ಬೇಕಿದ್ದ ಆಟ ಆ ಸಾಲೇ.

ಆದರೂ ಮುಂದಿನ ಭಾನುವಾರ ಕಳಿಸುತ್ತೀಯಾ? ಅವಳ ಹಿಂದೆಯೇ ನಿಲ್ಲುತ್ತೇನೆ.

ಎರಡೂ ಕಾಲು ನೆಟ್ಟಗಿರುವ,
ನಿನ್ನ ತಮ್ಮ