ಗಾಳಿಯಲ್ಲಿ ನಿಂತ ಚಾವಣಿ

ಅಪ್ಪಾ,

ನೀವು ಹೇಳಿದಂತೆ ಹೊಸ ಮನೆಯ ನಕ್ಷೆಯಿಂದ ತಮ್ಮನ ಮಹಡಿ ರೂಮನ್ನು ತೆಗೆದಿದ್ದೇನೆ. ಅವನೇ ತೀರಿಕೊಂಡ ಮೇಲೆ ಅದು ಯಾರಿಗೆ ಎಂದಿರಿ. ಸರಿಯೇ.

ನಕ್ಷೆ ಬಿಡಿಸುವ ಈ ಸಾಫ್ಟ್‌ವೇರಿನಲ್ಲಿ ಗೋಡೆ ಎಳೆದರೆ ಚಾವಣಿ ತಾನಾಗಿ ಕೂರುತ್ತದೆ, ಗೋಡೆ ಅಳಿಸಿದರೆ ತಾನಾಗಿ ಹೋಗುತ್ತದೆ. ಮಹಡಿಯ ಚಾವಣಿಯನ್ನು ಮಾತ್ರ ನಾನು ಕೈಯಾರೆ ಮಾಡಿದ್ದೆ. ಪಕ್ಕದಲ್ಲಿ ಕೂತು, 'ಇನ್ನೊಂಚೂರು ಎತ್ತರ ಮಾಡಕ್ಕಾ, ತಲೆ ತಾಗುತ್ತೆ' ಎಂದು ಅವನು ಪ್ರಾಣ ತಿಂದಿದ್ದ. 'ಅಷ್ಟೆತ್ತರಕ್ಕೆ ಗೋಡೆ ಸಾಲಲ್ಲ ಕಣೋ' ಎಂದು ನಾನು ಅಲ್ಲಿಗೇ ನಿಲ್ಲಿಸಿದ್ದೆ. ಕೈಯಾರೆ ಮಾಡಿದ್ದನ್ನು ಬೇರೆಯಾಗಿಯೇ ಅಳಿಸಬೇಕು. ಹಾಗಾಗಿ ಗೋಡೆಗಳು ಹೋದರೂ ಆ ಚಾವಣಿ ಪರದೆಯ ಮೇಲೆ ಗಾಳಿಯಲ್ಲಿ ನಿಂತಿದೆ.

ಅಳಿಸಲು ಹೊರಟಾಗ ಅಮ್ಮ ನನ್ನ ಹಿಂದೆಯೇ ನಿಂತಿದ್ದಳು. 'ಇರ್ಲಿ ಬಿಡೇ, ಅದೇನು ಯಾರ ತಲೆ ಮೇಲಾದ್ರೂ ಬೀಳುತ್ತಾ?' ಎಂದಳು.

ಮೇಸ್ತ್ರಿಗೆ ಇದರ ಜೊತೆಗಿರುವ ನಕ್ಷೆಯನ್ನೇ ಕೊಡಿ. ಅದರಲ್ಲಿ ಒಂದೇ ಚಾವಣಿ, ಮೆಟ್ಟಿಲೂ ಇಲ್ಲ. ಅಮ್ಮನಿಗೆ ತೋರಿಸಬೇಡಿ. ಅವಳು ನೋಡುವುದು ನನ್ನ ಕಂಪ್ಯೂಟರಿನಲ್ಲಿರುವುದನ್ನು. ಅದರಲ್ಲಿ ಇವತ್ತು ಚಾವಣಿಯನ್ನು ಅವನು ಕೇಳಿದಷ್ಟು ಎತ್ತರಿಸಿದೆ. ಗೋಡೆ ಸಾಲದೆಂಬ ಚಿಂತೆ ಈಗಿಲ್ಲವಲ್ಲ.

ನಿಮ್ಮ ಮಗಳು