ನಿಮ್ಮ ಅರ್ಜಿ ನನ್ನ ಚೀಲದಲ್ಲಿದೆ

ರೀ,

ನೀವು ಏಳುವ ಮುಂಚೆಯೇ ಹೊರಟೆ. ಎಬ್ಬಿಸಿದ್ದರೆ ಮುಖ ನೋಡಿ ಮಾತಾಡಬೇಕಿತ್ತು, ನನಗೆ ಆ ಧೈರ್ಯವಿಲ್ಲ.

ಅರ್ಜಿ ಹುಡುಕಬೇಡಿ. ಮಾಜಿ ಸೈನಿಕರ ಕಚೇರಿಗೆ ನಾನೇ ಕೊಟ್ಟು ಬರುತ್ತೇನೆ. ಗಾಯಾಳುಗಳನ್ನು ಹೊತ್ತು ತಂದದ್ದಕ್ಕೆ ಕೊಟ್ಟ ಪದಕ, ಅವರ ಆರೈಕೆಗೆ ಪಡೆದ ತರಬೇತಿ, ಎರಡೂ ಸೇನೆ ಬಿಡುವಾಗ ಕೊಟ್ಟ ನಿಮ್ಮ ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಟ್ಟುಹೋಗಿವೆ, ಸೇರಲೇಬೇಕು. ಗುಮಾಸ್ತ "ನಾಳೆ ಬನ್ನಿ" ಅಂದರೆ, ನನ್ನ ಬಾಯಿ ಗೊತ್ತಲ್ಲ. "ಈ ವಯಸ್ಸಲ್ಲಿ ಅದನ್ನ ಯಾರು ನೋಡ್ತಾರೆ" ಅಂತ ಇಷ್ಟು ದಿನ ಮೂಲೆಗೆ ತಳ್ಳಿದ್ದೂ ಇದೇ ಬಾಯಿ.

ಹಾಲು ಕಾಸಿಟ್ಟಿದ್ದೇನೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ನೆಪ ಬೇಡ.

ನಿನ್ನೆ ಕೆಳಗಿನ ಮನೆ ಬಡಗಿಯ ಕೈ ಗರಗಸಕ್ಕೆ ಸಿಕ್ಕಾಗ ನೀವು ಮುಂದೆ ಹೋದಿರಿ. "ನೀವೇನು ಡಾಕ್ಟರಾ?" ಅಂತ ಅವನ ಅಣ್ಣ ತಡೆದ. ಅವನಿಗೇನು ಗೊತ್ತು ಪಾಪ. ಎಲ್ಲ ಗೊತ್ತಿದ್ದ ನಾನೂ ನಿಮ್ಮ ಅಂಗಿ ಹಿಡಿದೆಳೆದು "ಊರ ಉಸಾಬರಿ ನಿಮಗ್ಯಾಕೆ" ಅಂದುಬಿಟ್ಟೆ. ಆಂಬುಲೆನ್ಸ್ ಬರುವವರೆಗೆ ಅವನು ನರಳುತ್ತಿದ್ದ, ನೀವು ಕೈಕಟ್ಟಿ ನಿಂತಿದ್ದಿರಿ. ಮೆಟ್ಟಿಲು ಹತ್ತುವಾಗ "ನಿನಗೂ ಸರ್ಟಿಫಿಕೇಟ್ ಬೇಕಿತ್ತೇನೇ?" ಅಂದಿರಲ್ಲ, ರಾತ್ರಿಯೇ ಅರ್ಜಿ ಹುಡುಕಿ ಚೀಲಕ್ಕೆ ಹಾಕಿಕೊಂಡೆ.

ಬಡಗಿ ಹುಷಾರಾಗಿದ್ದಾನಂತೆ, ಅವನ ಹೆಂಡತಿ ಹೇಳಿದಳು. ಅದರಿಂದ ನನ್ನ ತಪ್ಪೇನೂ ಚಿಕ್ಕದಾಗಲಿಲ್ಲ.

ಈ ಚೀಟಿಯ ಮೇಲಿನ ಕಲೆ ನೋಡಿ ಗಾಬರಿಯಾಗಬೇಡಿ. ನಿಮ್ಮ ಊಟಕ್ಕೆ ಬೀನ್ಸ್ ಹೆಚ್ಚುವಾಗ ಬೆರಳು ಕುಯ್ದುಕೊಂಡೆ. ಸದ್ಯಕ್ಕೆ ಕರವಸ್ತ್ರ ಸುತ್ತಿದ್ದೇನೆ. ಕಚೇರಿಯ ಪಕ್ಕದಲ್ಲೇ ಆಸ್ಪತ್ರೆ ಇದೆ, ಆದರೆ ಅಲ್ಲಿಗೆ ನಾನು ಹೋಗುವುದಿಲ್ಲ.

ನಿಮ್ಮ ಔಷಧಿ ಡಬ್ಬಿ ತೆಗೆದಿಡಿ. ಬಂದ ಮೇಲೆ ಬೆರಳಿಗೆ ನೀವೇ ಪಟ್ಟಿ ಕಟ್ಟಿ.